ಹತ್ತು ಕಳೆಯುವ ಟೇಪು

ಕೋರ್ಟಿಗೆ ಹೋಗುವವರು ತಣ್ಣಗಿರಬೇಕಂತೆ! ಸಣ್ಣ ವ್ಯಾಜ್ಯಗಳ ಕೋರ್ಟಿನ ಗುಮಾಸ್ತ ಗಾಜಿನಕ್ಕನಿಗೆ ಹೀಗೆ ಉಪದೇಶ ಮಾಡಿ ಕಳಿಸಿದ್ದ. "ಇಲ್ಲಿ ವಕೀಲರು ಬೇಡಮ್ಮ, ನೀವೇ ಮಾತಾಡ್ಬೇಕು. ಚಿಕ್ಕದಾಗಿ ಹೇಳಿ, ಕಾಗದ ಪತ್ರ ತೋರಿಸಿ, ಎದುರಿನವರು ಮಾತಾಡುವಾಗ ಮಧ್ಯೆ ಬಾಯಿ ಹಾಕ್ಬೇಡಿ. ಮುಖ್ಯವಾಗಿ, ಸಿಟ್ಟು ಮಾಡ್ಕೋಬೇಡಿ." ಸಿಟ್ಟು ಮಾಡಿಕೊಳ್ಳಬೇಡಿ ಎಂದರೆ ಏನರ್ಥ? ಸಿಟ್ಟಿಲ್ಲದಿದ್ದರೆ ಅವಳು ಅಂಗಡಿ ಬಿಟ್ಟು ಆ ಕಟ್ಟಡದ ಮೆಟ್ಟಿಲು ಯಾಕೆ ಹತ್ತುತ್ತಿದ್ದಳು, ಹವಾ ಸೇವನೆಗಾ? ಹೊಟ್ಟೆ ಉರಿಯುತ್ತಿರುವವಳಿಗೆ ಬಾಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು ಬಾ ಎನ್ನುವವರಿಗೆ ಏನು ಹೇಳುವುದು.

ಅವಳದು ಗಾಜಿನ ಅಂಗಡಿ. ಕಿಟಕಿ ಗಾಜು, ಕನ್ನಡಿ, ಅಂಗಡಿ ಮುಂಗಟ್ಟಿನ ಆಳೆತ್ತರದ ಗಾಜು, ಎಲ್ಲವನ್ನೂ ಅಳೆದು, ಕತ್ತರಿಸಿ, ಅಂಚು ಉಜ್ಜಿ, ಹೋಗಿ ಕೂರಿಸಿ ಬರುವ ಕೆಲಸ. ಗಂಡ ಗಾಜು ಕತ್ತರಿಸುತ್ತಾನೆ, ನಾದಿನಿ ಬಿಲ್ಲು ಬರೆಯುತ್ತಾಳೆ, ಕೂರಿಸುವ ಕೆಲಸಕ್ಕೆ ಒಬ್ಬ ಹಳೆಯ ಆಳಿದ್ದಾನೆ, ಎಲ್ಲರೂ ಅವನನ್ನು ಫಿಟ್ಟರ್ ಎಂದೇ ಕರೆಯುವುದು. ಮೊದಲು ಅಂಗಡಿ ಮಾವನದಾಗಿತ್ತು. ಮಾವ ತೀರಿಕೊಂಡಾಗ, "ಮಗ ಮೆತ್ತಗೆ, ಸೊಸೆ ಹೆಂಗಸು, ಇನ್ನು ಮುಚ್ಚಿದ ಹಾಗೇ" ಎಂದು ಬೀದಿಯವರು ಬಾಗಿಲಲ್ಲಿ ನಿಂತೇ ಷರಾ ಬರೆದಿದ್ದರು. ಅವಳು ಮುಚ್ಚಲಿಲ್ಲ. ಬಾಕಿ ಉಳಿಸಿಕೊಂಡವರ ಮನೆ ಬಾಗಿಲಲ್ಲಿ ನಿಂತು ಕೂಗಿದಳು, ಸೀಳಿದ ಗಾಜು ಕಳಿಸಿದ ಕಾರ್ಖಾನೆಯವರ ಜನ್ಮ ಜಾಲಾಡಿದಳು, ಮೂಗಿನ ತುದಿಯ ಕೋಪದಿಂದಲೇ ಅಂಗಡಿಯನ್ನು ನಿಲ್ಲಿಸಿದಳು. "ನನ್ನ ಕೋಪ ಗಾಜಿನ ಹಾಗೆ ಕಣೋ, ಒಳಗೊಂದು ಹೊರಗೊಂದು ಇಲ್ಲ" ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದಳು. ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಬೇರೆ ಏನು ತಾನೇ ಮಾಡಿಯಾರು?

ವ್ಯಾಜ್ಯ ಶುರುವಾದದ್ದು ಕಾಫಿಯವನಿಂದ. ಎರಡು ಬೀದಿ ಆಚೆ ಹೊಸದಾಗಿ ಕಾಫಿ ಅಂಗಡಿ ತೆರೆಯುತ್ತಿದ್ದ ಆಸಾಮಿ. ಮುಂಗಟ್ಟಿಗೆ ಒಂದೇ ದೊಡ್ಡ ಗಾಜು ಬೇಕು, ಅದರಲ್ಲಿ ಹೊಗೆಯಾಡುವ ಕಪ್ಪಿನ ಚಿತ್ರ ಕೊರೆದಿರಬೇಕು ಎಂದ. ಬೀದಿಗೆ ಮುಖ ಮಾಡಿದ ಗಾಜೆಂದರೆ ಟಫನ್ ಗಾಜೇ ಆಗಬೇಕು. ಅದರ ಜಾತಿಯೇ ಬೇರೆ. ಮೊದಲು ಅಳತೆಗೆ ಕತ್ತರಿಸಿ, ಚಿತ್ರ ಕೊರೆದು, ಆಮೇಲೆ ಕಾರ್ಖಾನೆಯ ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಕುಲುಮೆಯಿಂದ ಹೊರಗೆ ಬಂದ ಮೇಲೆ ಬ್ರಹ್ಮನೇ ಇಳಿದು ಬಂದರೂ ಅದರ ಅಂಚನ್ನು ಕೂದಲೆಳೆಯಷ್ಟೂ ಕತ್ತರಿಸಲಾರ. ಕತ್ತರಿಸಲು ಹೋದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಹಾಗಾಗಿ ಈ ಕಸುಬಿನಲ್ಲಿ ಒಂದೇ ಕಾನೂನು, ಅಳೆದವನದೇ ಹೊಣೆ.

"ನಮ್ಮವರು ಬಂದು ಅಳೀತಾರೆ" ಎಂದಳು ಗಾಜಿನಕ್ಕ.

"ಅಳೆಯೋಕೂ ಕಾಸು ಕೊಡ್ಬೇಕಾ? ನನಗೇನು ಕೈಯಿಲ್ವಾ, ಕಣ್ಣಿಲ್ವಾ?" ಎಂದ ಆ ಮಹಾಶಯ. ಮರುದಿನ ತಾನೇ ಅಳೆದು, ಉದ್ದ ಅಗಲ ಬರೆದು, ಕೆಳಗೆ ಸಹಿ ಗೀಚಿ ಕೊಟ್ಟ.

ಗಾಜು ಬಂತು. ಕೂರಲಿಲ್ಲ. ಚೌಕಟ್ಟಿಗಿಂತ ದೊಡ್ಡದಾಗಿತ್ತು.

ಅವನು ನಡುಬೀದಿಯಲ್ಲಿ ನಿಂತು ಶುರುಮಾಡಿದ. ಅಳತೆ ಬರದವರ ಕೈಗೆ ಕೆಲಸ ಕೊಟ್ಟೆನಲ್ಲ ಎಂದ, ಹೆಂಗಸಿನ ವ್ಯಾಪಾರ ಇಷ್ಟೇ ಎಂದ, ಕೊನೆಗೆ ಮುಂಗಡ ನುಂಗುವ ಕಳ್ಳಿ ಎಂದ. ಕಳ್ಳಿ! ಅವಳು ಅವನ ಏಳು ತಲೆಮಾರನ್ನು ಅಲ್ಲೇ ಬೀದಿಗೆ ಎಳೆದು ತಂದು ಉಗಿದು, ಗಾಜನ್ನು ಮತ್ತೆ ಗಾಡಿಗೆ ಏರಿಸಿ ಬಂದುಬಿಟ್ಟಳು. ಗಾಜು ಎಷ್ಟು ದೊಡ್ಡದಾಗಿದೆ ಎಂದು ಕೇಳಲೂ ಇಲ್ಲ, ಅಳೆಯಲೂ ಇಲ್ಲ. ದೊಡ್ಡದಾಗಿದೆ ಎಂಬುದೇ ಅವಳ ಸಿಟ್ಟಿಗೆ ಸಾಕಾಗಿತ್ತು.

ಅವನು ಅಲ್ಲಿಗೇ ಬಿಟ್ಟನೇ? ಗಾಜಿಲ್ಲದ ಮುಂಗಟ್ಟಿಗೆ ಹಲಗೆ ಹೊಡೆದು, ಅದರ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ: "ಅಳತೆ ಬಾರದ ಕಳ್ಳರ ಗಾಜಿನಂಗಡಿಯಿಂದ ನಮಗೆ ಈ ಗತಿ." ಬಸ್ಸಿಗೆ ಹೋಗುವವರು, ಶಾಲೆಗೆ ಹೋಗುವವರು, ನಾಯಿ ಸುತ್ತಾಡಿಸುವವರು, ಎಲ್ಲರೂ ಅದನ್ನು ಓದಿ ಕಾಫಿ ಕುಡಿದು ಹೋಗುತ್ತಿದ್ದರು. ಅವಳು ದಿನಾ ಆ ಬೀದಿಯಲ್ಲೇ ಹಾದುಹೋಗಬೇಕು. ದಿನಾ ಹಲ್ಲು ಕಡಿದಳು.

ಕಾರ್ಖಾನೆಯವರ ಬಾಕಿ ಬೇರೆ ಬೆನ್ನ ಮೇಲಿತ್ತು ಎನ್ನುವುದು ನಿಜ. ಆದರೆ ದುಡ್ಡಿನ ಮಾತು ಹಾಳಾಗಿ ಹೋಗಲಿ, ಅವಳಿಗೆ ಬೇಕಿದ್ದದ್ದು ಒಂದೇ. ತಪ್ಪು ನಿನ್ನ ಅಂಗಡಿಯದಲ್ಲ ಎಂಬ ಮಾತು ನ್ಯಾಯಾಧೀಶರ ಬಾಯಿಂದ ಬರಬೇಕು, ಅದು ಆ ಕಾಫಿಯವನ ಕಿವಿಗೆ ಬೀಳಬೇಕು, ಆ ಹಲಗೆಯನ್ನು ಅವನೇ ತನ್ನ ಕೈಯಾರೆ ಕಿತ್ತು ಹಾಕಬೇಕು. ಅಷ್ಟಾದರೆ ಅವಳು ರಾತ್ರಿ ಮಲಗಿ ನಿದ್ದೆ ಮಾಡಿಯಾಳು.

ತಯಾರಿ ಶುರುವಾಯಿತು. ಕಾಫಿಯವನ ಸಹಿಯಿದ್ದ ಕಾಗದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸಿದಳು. ಬಿಲ್ಲು, ಕಾರ್ಖಾನೆಯ ರಸೀತಿ, ಹಲಗೆಯ ಫೋಟೋ, ಗೋಡೆಗೊರಗಿ ನಿಂತ ಗಾಜಿನ ಫೋಟೋ, ಎಲ್ಲಕ್ಕೂ ಮೂರು ಮೂರು ಪ್ರತಿ ಮಾಡಿಸಿದಳು. ಏನೇನು ನಡೆಯಿತು ಎಂದು ಒಂದು ಪುಟದಲ್ಲಿ ಬರೆದು ತನ್ನಿ ಎಂದು ಗುಮಾಸ್ತ ಹೇಳಿದ್ದ. ಅವಳ ಮೊದಲ ಬರಹ ಆರು ಪುಟವಾಯಿತು. ಅದರಲ್ಲಿ "ಲಫಂಗ" ಎಂಬ ಮಾತು ಎಷ್ಟು ಸಲ ಬಂದಿತ್ತೆಂದರೆ, ಹೊಡೆದು ಹಾಕುತ್ತಾ ಹೋದ ನಾದಿನಿಯ ಪೆನ್ನಿನ ಮಸಿಯೇ ಮುಗಿಯಿತು.

"ಅತ್ತಿಗೆ, ಒಂದು ಮಾತು" ಎಂದು ನಾದಿನಿ ಆ ದಿನಗಳಲ್ಲಿ ಹಲವು ಸಲ ರಾಗ ಎಳೆದಿದ್ದಳು. "ರಾಜಿ ಮಾಡ್ಕೊಂಡ್ರೆ ಆಗಲ್ವಾ? ಅರ್ಧ ಅವನು, ಅರ್ಧ ನಾವು."

"ಯಾಕೆ? ತಪ್ಪು ಮಾಡಿರೋದು ಅವನು, ನಾನ್ಯಾಕೆ ಅರ್ಧ ಹೊರಲಿ? ನೀನು ನನ್ನ ಕಡೆಯವಳಾ, ಅವನ ಕಡೆಯವಳಾ?"

ನಾದಿನಿ ಬಾಯಿ ಮುಚ್ಚಿಕೊಂಡಳು. ಗಂಡನಂತೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಕೋರ್ಟಿನ ಮಾತು ಬಂದರೆ ಸಾಕು, ಉಜ್ಜುವ ಯಂತ್ರ ಹಾಕಿಕೊಂಡು ಅದರ ಗರಗರದೊಳಗೆ ಸೇರಿಬಿಡುತ್ತಿದ್ದ. ಪುಕ್ಕಲ ಎಂದುಕೊಂಡಳು ಅವಳು. ಮನೆಯವರೆಲ್ಲ ಪುಕ್ಕಲರು, ನಾನೊಬ್ಬಳು ಹುಟ್ಟದಿದ್ದರೆ ಇವರನ್ನು ಕಾಗೆಗಳು ಎತ್ತಿಕೊಂಡು ಹೋಗುತ್ತಿದ್ದವು.

ವಿಚಾರಣೆಯ ಹಿಂದಿನ ಸಂಜೆ ಅಂಗಡಿಯ ಶಟರನ್ನು ಅರ್ಧ ಇಳಿಸಿ ಅವಳು ಎಲ್ಲರನ್ನೂ ಕೂಡಿಸಿದಳು. "ನಾಳೆ ಕೋರ್ಟಲ್ಲಿ ಹೇಗಿರುತ್ತೋ ಹಾಗೇ ಇವತ್ತೊಂದು ಸಲ ಆಡಿಬಿಡೋಣ. ಫಿಟ್ಟರಣ್ಣ, ನೀನು ನ್ಯಾಯಾಧೀಶ. ನೀನು ಕಾಫಿಯವನು" ಎಂದು ನಾದಿನಿಯತ್ತ ಬೆರಳು ತೋರಿಸಿದಳು. "ರೀ, ನೀವು ಸಾಕ್ಷಿ. ಯಂತ್ರ ನಿಲ್ಲಿಸಿ ಇತ್ತ ಬನ್ನಿ."

ಫಿಟ್ಟರು ಗಾಜು ತುಂಬಿ ಬರುವ ಮರದ ಪೆಟ್ಟಿಗೆಯ ಮೇಲೆ ಕುಳಿತು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಗಂಭೀರವಾಗಲು ನೋಡಿದ. "ಹೂಂ, ಹೇಳಿ ಅಕ್ಕ."

"ನ್ಯಾಯಾಧೀಶರು ನನ್ನನ್ನ ಅಕ್ಕ ಅಂತಾರೇನೋ?"

"ತಪ್ಪಾಯ್ತು. ಹೇಳಿ ಅಮ್ಮ, ಏನು ನಿಮ್ಮ ದೂರು?"

ಅವಳು ಹೇಳಿದಳು. ಅವನೇ ಅಳೆದ, ಅವನೇ ಬರೆದ, ಅವನೇ ಸಹಿ ಹಾಕಿದ; ಬರೆದಷ್ಟೇ ಕತ್ತರಿಸಿದ್ದೇವೆ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ; ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸ್ವಾಮಿ, ಕಾಗದ ಇಲ್ಲೇ ಇದೆ. ಚೆನ್ನಾಗಿತ್ತು. ದನಿ ಏರಲಿಲ್ಲ. ನಾದಿನಿ ಕಾಫಿಯವನ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು, "ಇವರು ಕಳ್ಳರು ಸ್ವಾಮಿ" ಎಂದಾಗಲೂ ಅವಳು ಮುಷ್ಟಿ ಬಿಗಿದಳೇ ಹೊರತು ಮಧ್ಯೆ ಬಾಯಿ ಹಾಕಲಿಲ್ಲ. ತನ್ನ ತಾಳ್ಮೆಗೆ ತಾನೇ ಬೆರಗಾದಳು.

"ಸರಿ, ಇನ್ನೇನು ಕೇಳಬಹುದು ಅವರು?" ಎಂದು ತನಗೆ ತಾನೇ ಹೇಳಿಕೊಂಡಳು. "ಎಷ್ಟು ದೊಡ್ಡದಾಯ್ತು ಅಂತ ಕೇಳೇ ಕೇಳ್ತಾರೆ. ಅದನ್ನ ಬರೆದುಕೊಂಡೇ ಇಲ್ವಲ್ಲ ನಾನು! ಎಷ್ಟು ದೊಡ್ಡದಾಯ್ತು ರೀ?"

ಗಂಡ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ನ್ಯಾಯಾಧೀಶರು ಸೂರು ನೋಡತೊಡಗಿದರು. ಕಾಫಿಯವನ ಹೊಟ್ಟೆ ಇಳಿದುಹೋಯಿತು.

"ಕಿವುಡಾ? ನಿಮ್ಮನ್ನೇ ಕೇಳ್ತಿರೋದು. ಉದ್ದಕ್ಕೆ ಎಷ್ಟು ಹೆಚ್ಚಾಯ್ತು?"

"ಹತ್ತು" ಎಂದ ಗಂಡ.

"ಅಗಲಕ್ಕೆ?"

"ಹತ್ತು."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಿರುಗಿ ಗೋಡೆಯ ಮೊಳೆಯನ್ನು ನೋಡಿದಳು. ಅಲ್ಲಿ ಒಂದು ಸ್ಟೀಲ್ ಟೇಪು ನೇತಾಡುತ್ತಿತ್ತು.

ಅದು ಮಾವನ ಕಾಲದ ಟೇಪು. ಎಂದೋ ಅದರ ಮೂತಿ ಗಾಜಿನ ಅಡಿಗೆ ಸಿಕ್ಕಿ ಮುರಿದಿತ್ತು. ಜಿಪುಣರಾದ ಮಾವ ಮುರುಕು ಭಾಗವನ್ನು ಕತ್ತರಿಸಿ, ಅಂಚು ಉಜ್ಜಿ, "ಇದನ್ನ ಬಿಸಾಕೋಕೆ ಏನು ಬಂದಿದೆ? ಹತ್ತು ಕಳೆದ್ರೆ ಆಯ್ತು" ಎಂದಿದ್ದರು. ಅಂದಿನಿಂದ ಆ ಟೇಪು ಸೊನ್ನೆಯಿಂದ ಶುರುವಾಗುವುದಿಲ್ಲ, ಹತ್ತು ಸೆಂಟಿಮೀಟರಿನಿಂದ ಶುರು. ಅದರಲ್ಲಿ ಎಷ್ಟು ತೋರಿಸಿದರೂ ಹತ್ತು ಕಳೆಯಬೇಕು. ಅಂಗಡಿಯವರಿಗೆಲ್ಲ ಅದು ಚಪ್ಪಲಿ ಮೆಟ್ಟಿದಷ್ಟೇ ರೂಢಿ. ಕೈ ಅಳೆಯುತ್ತಿದ್ದಂತೆ ತಲೆ ಕಳೆದುಬಿಡುತ್ತದೆ, ಕಳೆದದ್ದು ಗೊತ್ತೂ ಆಗುವುದಿಲ್ಲ. ಹೊರಗಿನವನಿಗೆ ಅದು ಹೇಗೆ ತಿಳಿಯಬೇಕು? ಯಾರೇ ಅಳೆದರೂ ಕೊನೆಯ ಅಂಕಿ ನೋಡುತ್ತಾರೆ, ಮೊದಲನೆಯದನ್ನು ನೋಡುವವರು ಯಾರು?

"ಅವನಿಗೆ ಈ ಟೇಪು ಕೊಟ್ಟಿದ್ದು ಯಾರು?" ಅವಳ ದನಿ ವಿಚಿತ್ರವಾಗಿ ಸಣ್ಣದಾಗಿತ್ತು.

"ನಾನೇ" ಎಂದ ಗಂಡ. "ನೀನು ಬ್ಯಾಂಕಿಗೆ ಹೋಗಿದ್ದೆ. ಅಳೆಯೋಕೆ ಒಂದು ಟೇಪು ಕೊಡಿ, ತಂದುಕೊಡ್ತೀನಿ ಅಂದ. ಬೇರೆವೆಲ್ಲ ಕೆಲಸದ ಜಾಗದಲ್ಲಿದ್ವು. ಇದನ್ನ ತೆಗೆದುಕೊಟ್ಟೆ."

"ಹತ್ತು ಕಳೀಬೇಕು ಅಂತ ಹೇಳ್ಲಿಲ್ವಾ?"

"ಯಾರಿಗೆ ಯಾವತ್ತು ಹೇಳಿದ್ದೀವಿ ಕಣೇ? ಇಷ್ಟು ವರ್ಷದಲ್ಲಿ ಆ ಮಾತು ಬಾಯಿಂದ ಬಂದೇ ಇಲ್ಲ. ಹೊಳೀಲೇ ಇಲ್ಲ."

ಸರಿ, ಆಮೇಲೆ ಶುರುವಾಯಿತು ನೋಡಿ! ಗುಮಾಸ್ತನ ಉಪದೇಶ, ಸಂಜೆಯಿಡೀ ಕೂಡಿಟ್ಟ ತಾಳ್ಮೆ, ಎಲ್ಲ ಗಾಳಿಗೆ ಹೋಯಿತು. ನಿಮಗೆ ತಲೆಯಿದೆಯಾ, ಅದರೊಳಗೆ ಏನಿದೆ, ಮರದ ಪುಡಿಯಾ ಎಂದಳು. ಬೀದಿಯಲ್ಲಿ ಆ ಲಫಂಗನ ಹತ್ತಿರ ಕಳ್ಳಿ ಎನ್ನಿಸಿದಿರಲ್ಲ, ನಾನು ಅಲ್ಲಿ ಎದೆ ಸೆಟೆಸಿ ನಿಂತು ಕೂಗುವಾಗ ನೀವು ಗಾಡಿ ಹಿಂದೆ ನಿಂತು ಏನು ಮಾಡುತ್ತಿದ್ದಿರಿ ಎಂದಳು. ಅವಳ ದನಿಗೆ ಕಪಾಟಿನ ಕನ್ನಡಿಗಳು ಗಿಣಗುಟ್ಟಿದವು. ಮೂವರೂ ತಲೆ ತಗ್ಗಿಸಿ ನಿಂತಿದ್ದರು. ಮೂವರೂ! ಅದನ್ನು ಕಂಡದ್ದೇ ಅವಳ ಮಾತು ಅರ್ಧಕ್ಕೆ ನಿಂತಿತು. ಗಂಡ ತಲೆ ತಗ್ಗಿಸುವುದು ಸರಿ. ಉಳಿದಿಬ್ಬರು ಯಾಕೆ?

"ನಿಮಗೂ ಗೊತ್ತಿತ್ತಾ?"

ಫಿಟ್ಟರು ಪೆಟ್ಟಿಗೆಯಿಂದ ಎದ್ದ. "ಅವತ್ತೇ ಚೌಕಟ್ಟು ಅಳೆದೆ ಅಕ್ಕ. ಎರಡು ಕಡೇನೂ ಸರಿಯಾಗಿ ಹತ್ತು. ಆವಾಗ್ಲೇ ಗೊತ್ತಾಯ್ತು."

"ನನಗೆ ರಾತ್ರಿ ಅಣ್ಣ ಹೇಳಿದ" ಎಂದಳು ನಾದಿನಿ.

"ಅಂದ್ರೆ ನಾನು ದೂರು ಬರೆಯುವಾಗ, ಕೋರ್ಟಿಗೆ ಅಲೆಯುವಾಗ, ಪ್ರತಿ ಮಾಡಿಸುವಾಗ ನಿಮಗೆಲ್ಲ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇಡೀ ಅಂಗಡೀಲಿ ನಾನೇ ಕೋಡಂಗಿ! ಯಾಕೆ ಹೇಳ್ಲಿಲ್ಲ? ಬಾಯಲ್ಲಿ ಏನಿಟ್ಕೊಂಡಿದ್ರಿ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಫಿಟ್ಟರೇ ಕಟ್ಟಿದ. "ಅಕ್ಕ, ಹಿಂದೊಂದ್ಸಲ ನನ್ನ ಕೈಯಿಂದ ದೊಡ್ಡ ಕನ್ನಡಿ ಬಿದ್ದು ಒಡೀತಲ್ಲ, ನಾನೇ ಬಂದು ಹೇಳಿದೆ, ನೆನಪಿದೆಯಾ?"

"ಇದೆ. ನಿನ್ನ ಸಂಬಳದಲ್ಲಿ ಒಂದು ಕಾಸು ಹಿಡಿದೆನಾ ನಾನು? ಹೇಳು, ಹಿಡಿದೆನಾ?"

"ಹಿಡೀಲಿಲ್ಲ ಅಕ್ಕ. ಹಿಡಿದಿದ್ರೇ ಚೆನ್ನಾಗಿತ್ತು ಅನ್ನಿಸ್ತು ಅವತ್ತು."

ಬೈದು ಮುಗಿಸಿದ ಮೇಲೆ ತನಗೆ ಹಗುರಾಗುತ್ತಿತ್ತು, ಎಲ್ಲರಿಗೂ ಹಾಗೇ ಆಗುತ್ತದೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ನಾದಿನಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅತ್ತಿಗೆ, ಆದದ್ದಾಯ್ತು. ಕಾಗದ ಅವನ ಕೈಬರಹದ್ದು, ಸಹಿ ಅವನದ್ದು. ಟೇಪಿನ ವಿಷಯ ಅವನಿಗೆ ಗೊತ್ತೇ ಇಲ್ಲ. ಇಲ್ಲಿವರೆಗೆ ಬಂದಿದ್ದೀವಿ, ನಾಳೆ ನೀನು ಈಗ ಹೇಳಿದ ಹಾಗೇ ಹೇಳು. ಗೆದ್ದೇ ಗೆಲ್ತೀಯ."

ಅದೂ ನಿಜವೇ. ಗೆಲ್ಲುವುದರಲ್ಲಿ ಅನುಮಾನವಿರಲಿಲ್ಲ. ಅವಳಿಗೆ ಗೆಲ್ಲಬೇಕೆಂದು ಎಷ್ಟು ಆಸೆಯಾಯಿತೆಂದರೆ, ಆ ಆಸೆಯ ಮೇಲೇ ಸಿಟ್ಟು ಬಂತು. ಯಾರಿಗೂ ಉತ್ತರ ಕೊಡದೆ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟುಬಿಟ್ಟಳು. ಆ ರಾತ್ರಿ ಮನೆಯಲ್ಲಿ ಅವಳು ಬೈಯಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಗಂಡನಿಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಸಣ್ಣ ವ್ಯಾಜ್ಯಗಳ ಕೋರ್ಟು ಎಂದರೆ ಒಂದು ಕೋಣೆ ಅಷ್ಟೇ. ಉದ್ದನೆಯ ಮೇಜು, ಕುಂಟುವ ಕುರ್ಚಿಗಳು, ಮಧ್ಯದಲ್ಲಿ ದಪ್ಪ ಕನ್ನಡಕದ ವಯಸ್ಸಾದ ನ್ಯಾಯಾಧೀಶರು. ಕಾಫಿಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇವಳದಕ್ಕಿಂತ ದಪ್ಪನೆಯ ಕಡತ ಹಿಡಿದು ಬಂದಿದ್ದ. ಅವಳನ್ನು ನೋಡಿ ಮೂಗು ಸಿಂಡರಿಸಿದ. ಅಯ್ಯೋ, ಆ ಮೂಗು! ಆ ಮೂಗನ್ನು ನೋಡುತ್ತಿದ್ದ ಹಾಗೇ ಹಿಂದಿನ ಸಂಜೆಯದೆಲ್ಲ ಮರೆತುಹೋಯಿತು. ಗೆಲ್ಲಬೇಕು. ಟೇಪೂ ಇಲ್ಲ, ಗೀಪೂ ಇಲ್ಲ, ಇವನ ಸಹಿ ಇವನ ಕೊರಳಿಗೇ ಸುತ್ತಬೇಕು.

ಅವಳು ಎದ್ದು ನಿಂತು ಹೇಳತೊಡಗಿದಳು. ಕೆಲಸ ಕೊಟ್ಟದ್ದು, ನಮ್ಮವರು ಅಳೆಯುತ್ತಾರೆ ಎಂದರೂ ಒಪ್ಪದೆ ಇದ್ದದ್ದು, ಅಳತೆ ಬರೆದುಕೊಟ್ಟದ್ದು. ಒಂದು ಮಾತೂ ತಪ್ಪಲಿಲ್ಲ. ಹೇಳಿದ್ದೆಲ್ಲ ನಿಜವೂ ಆಗಿತ್ತು, ಅದೇ ಅದರ ಚಂದ. ನ್ಯಾಯಾಧೀಶರು ಸಹಿಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಕಾಫಿಯವನತ್ತ ಹುಬ್ಬೇರಿಸಿದರು. ಅವನ ಮುಖ ಸ್ವಲ್ಪ ಬಾಡಿತು.

"ಇವರು ಸ್ವಂತ ಅಳತೆ ತಂದುಕೊಟ್ಟಾಗ ಅಂಗಡೀಲಿ ಬೇರೆ ಯಾರಿದ್ರು?" ಎಂದು ಅವಳನ್ನು ಕೇಳಿದರು.

"ನನ್ನ ಯಜಮಾನ್ರು" ಎಂದು ಪಕ್ಕದಲ್ಲಿ ಕೂತಿದ್ದ ಗಂಡನನ್ನು ತೋರಿಸಿದಳು.

"ಹೇಳಿ" ಎಂದರು ನ್ಯಾಯಾಧೀಶರು ಅವನತ್ತ ತಿರುಗಿ. "ಅಳತೆ ವಿಷಯದಲ್ಲಿ ನಿಮ್ಮ ಕಡೆಯಿಂದ ಏನಾದ್ರೂ ನಡೀತಾ? ಇಲ್ಲಾ ಪೂರ್ತಿ ಇವರದ್ದೇನಾ?"

ಅವನು ಎದ್ದು ನಿಂತ. ನ್ಯಾಯಾಧೀಶರನ್ನು ನೋಡಲಿಲ್ಲ, ಕಾಫಿಯವನನ್ನೂ ನೋಡಲಿಲ್ಲ. ತಿರುಗಿ ಅವಳನ್ನು ನೋಡಿದ. ಏನು ಹೇಳಲಿ, ಯಾವುದನ್ನು ಹೇಳಿದರೆ ನೀನು ಬೈಯುವುದಿಲ್ಲ ಎಂದು ಕೇಳುವ ನೋಟ ಅದು. ಸುಳ್ಳು ಹೇಳು ಎಂದರೆ ಹೇಳಿಬಿಡುತ್ತಿದ್ದ, ನಿಜ ಹೇಳು ಎಂದರೆ ನಿಜ. ಜೀವಮಾನದಲ್ಲಿ ಒಂದು ಕಾಸಿನ ಸುಳ್ಳು ಹೇಳದ ಮನುಷ್ಯ, ಹೆಂಡತಿಯ ಕಣ್ಣಿನ ಬಣ್ಣ ನೋಡಿ ಮಾತು ಆರಿಸುತ್ತ ನಿಂತಿದ್ದ.

"ಅವರನ್ನ ಕೇಳ್ಬೇಡಿ ಸ್ವಾಮಿ" ಎಂದಳು. ದನಿ ಏರಿಯೇ ಬಂತು. "ನಾನೇ ಹೇಳ್ತೀನಿ. ಇವರಿಗೆ ಅಳೆಯೋಕೆ ಟೇಪು ಕೊಟ್ಟದ್ದು ನಾವು. ಆ ಟೇಪಿನ ಮೊದಲ ಹತ್ತು ತುಂಡಾಗಿದೆ. ಅದರಲ್ಲಿ ಅಳೆದ್ರೆ ಹತ್ತು ಕಳೀಬೇಕು. ಅದನ್ನ ಇವರಿಗೆ ಹೇಳ್ಲಿಲ್ಲ. ತಪ್ಪು ನಮ್ಮ ಅಂಗಡೀದು."

"ನೋಡಿದ್ರಾ! ನೋಡಿದ್ರಾ! ನಾನು ಹೇಳಿರಲಿಲ್ವಾ!" ಎಂದು ಕಾಫಿಯವನು ಕುರ್ಚಿಯಿಂದ ಕುಪ್ಪಳಿಸಿದ.

"ನೀವು ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು. ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದರು. "ಇದು ನಿಮಗೆ ಗೊತ್ತಾಗಿದ್ದು ಯಾವಾಗ?"

"ನಿನ್ನೆ ಸಂಜೆ."

"ಅದಕ್ಕೆ ಮೊದಲು ನಿಮ್ಮ ಅಂಗಡೀಲಿ ಯಾರಿಗೂ ಗೊತ್ತಿರಲಿಲ್ವಾ?"

"ಎಲ್ಲರಿಗೂ ಗೊತ್ತಿತ್ತು."

"ಎಲ್ಲರಿಗೂ ಗೊತ್ತಿದ್ದು, ಮಾಲೀಕರಿಗೇ ಯಾಕೆ ಹೇಳಲಿಲ್ಲ?"

ಯಾವ ಪ್ರಶ್ನೆಗೂ ಎರಡು ಉತ್ತರ ಇಟ್ಟುಕೊಂಡೇ ಓಡಾಡುವ ಹೆಂಗಸು ಅವಳು. ಈಗ ಇದ್ದದ್ದು ಒಂದೇ, ಅದನ್ನು ಶತ್ರುವಿನ ಎದುರೇ ಹೇಳಬೇಕಾಗಿತ್ತು.

"ನನಗೆ ಹೆದರಿ" ಎಂದಳು.

ಕಾಫಿಯವನು ನಕ್ಕ. ನ್ಯಾಯಾಧೀಶರು ನಗಲಿಲ್ಲ. ಅವಳ ಗಂಡ ನೆಲ ನೋಡುತ್ತ ನಿಂತಿದ್ದ, ಅವನ ಕಿವಿಗಳು ಕೆಂಪಾಗಿದ್ದವು.

ದೂರು ವಜಾ ಆಯಿತು. ಗಾಜಿನ ಖರ್ಚು ಅಂಗಡಿಯದೇ, ಕಾಫಿಯವನ ಮುಂಗಡ ವಾಪಸ್ಸು ಕೊಡಬೇಕು ಎಂದು ನ್ಯಾಯಾಧೀಶರು ಬರೆಸಿದರು. ಆಮೇಲೆ ಹಲಗೆಯ ಫೋಟೋವನ್ನು ಎತ್ತಿ ಹಿಡಿದು, "ಇದೇನ್ರೀ ಇದು?" ಎಂದು ಕಾಫಿಯವನನ್ನು ಕೇಳಿದರು.

"ಬರೆದದ್ದು ನಿಜಾನೇ ಆಯ್ತಲ್ಲ ಸ್ವಾಮಿ, ಅವರೇ ಒಪ್ಪಿದ್ರಲ್ಲ!"

"ಎಲ್ಲಾ ನಿಜ ಅಲ್ಲ" ಎಂದು ಅವಳು ಮಧ್ಯೆ ಬಾಯಿ ಹಾಕಿಯೇ ಹಾಕಿದಳು. "'ಅಳತೆ ಬಾರದ' ಅಂತಿದೆಯಲ್ಲ, ಅದು ಬೇಕಾದ್ರೆ ನೀನು ಸಾಯೋವರೆಗೂ ಇರಲಿ. 'ಕಳ್ಳರ' ಅನ್ನೋದನ್ನ ಇವತ್ತು ಸಂಜೆಯೊಳಗೆ ಅಳಿಸ್ಬೇಕು. ನಾನು ಕಳ್ಳಿಯಾಗಿದ್ರೆ ಇಲ್ಲಿ ನಿಂತು ಇದನ್ನ ಹೇಳ್ತಿದ್ನೇನೋ, ಲಫಂಗ!"

"ಅಮ್ಮಾ" ಎಂದು ಗುಮಾಸ್ತ ಬಾಗಿಲಿಂದಲೇ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಅಳಿಸಿ" ಎಂದರು ನ್ಯಾಯಾಧೀಶರು ಕಾಫಿಯವನಿಗೆ. "ಪೂರ್ತಿ ಹಲಗೇನೇ ತೆಗ್ದುಬಿಡಿ. ಆ ಪದಕ್ಕೆ ಅವರು ಇನ್ನೊಂದು ದೂರು ಕೊಟ್ರೆ, ಆವಾಗ ನೀವು ಈ ಕುರ್ಚಿಯಲ್ಲಿ ಇಷ್ಟು ನಗುತ್ತಾ ಕೂರೋಕಾಗಲ್ಲ."

ಹೊರಗೆ ಬಂದರು. ಕಾಫಿಯವನು ಕಡತ ಬೀಸುತ್ತಾ ಮೆಟ್ಟಿಲಿಳಿದು ಹೋದ. ಗಾಜಿನಕ್ಕ ಮೆಟ್ಟಿಲ ಮೇಲೇ ನಿಂತಳು. ಸೋತಿದ್ದಳು, ತಾನೇ ಸೋಲಿಸಿಕೊಂಡಿದ್ದಳು, ಮೈಯೆಲ್ಲ ಇನ್ನೂ ಉರಿಯುತ್ತಿತ್ತು. ಗಂಡ ಒಂದು ಮೆಟ್ಟಿಲು ಕೆಳಗೆ, ಹೋಗೋಣವೇ ಎಂದು ಕೇಳಲೂ ಧೈರ್ಯವಿಲ್ಲದೆ ನಿಂತಿದ್ದ.

"ನಾನೇನು ದೆವ್ವಾನಾ?" ಎಂದಳು.

ಅವನು ಯೋಚಿಸಿದ. "ದೆವ್ವ ಅಲ್ಲ."

"ಮತ್ತೆ?"

"ದೆವ್ವಕ್ಕಾದ್ರೆ ಮಂತ್ರ ಇರುತ್ತೆ."

ಮದುವೆಯಾದಾಗಿನಿಂದ ಅವನು ಅವಳ ಮುಖಕ್ಕೆ ಇಂಥ ಮಾತು ಆಡಿದ್ದು ಇದೇ ಮೊದಲು. ಆಡಿದವನಿಗೂ ಆಶ್ಚರ್ಯ, ಕೇಳಿದವಳಿಗೂ ಆಶ್ಚರ್ಯ. ಅವಳಿಗೆ ನಗು ಬರಬೇಕಿತ್ತು, ಅಳು ಬಂತು. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಅಳುವುದು ಹೇಗೆಂದು ಅದಕ್ಕೂ ಸಿಟ್ಟು ಮಾಡಿಕೊಂಡಳು.

"ಕೇಳಿ ಇಲ್ಲಿ. ಬೈಯೋದು ಬಿಡ್ತೀನಿ ಅಂತ ನಾನು ಸುಳ್ಳು ಆಣೆ ಹಾಕಲ್ಲ. ನನ್ನ ಕೈಲಾಗಲ್ಲ, ಹುಟ್ಟುಗುಣ ಸುಟ್ಟರೂ ಹೋಗಲ್ಲ. ನಾಳೇನೂ ಬೈತೀನಿ, ನಾಡಿದ್ದೂ ಬೈತೀನಿ. ಆದ್ರೆ ನೀವು ಹೇಳ್ಬೇಕು. ಬೈತಾಳೆ ಅಂತ ಗೊತ್ತಿದ್ದೂ ಹೇಳ್ಬೇಕು. ನನ್ನ ಬಿಟ್ಟು ನೀವೆಲ್ಲ ಒಂದಾಗಿ ಗುಟ್ಟು ಇಟ್ಕೊಂಡ್ರೆ, ಆ ಮನೇಲಿ ನಾನ್ಯಾರು ರೀ?"

ಅವನು ಬೀದಿಯ ಕಡೆ ತಿರುಗಿದ. ಕೆಳಗೆ ರಸ್ತೆಯಲ್ಲಿ ವಾಹನಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು.

"ಹಾಗಾದ್ರೆ ಇನ್ನೊಂದಿದೆ" ಎಂದ.

"ಏನು?"

"ಬಲಗಣ್ಣು ಮಂಜಾಗಿದೆ. ಹೋದ ವರ್ಷದಿಂದ. ಈಗೀಗ ಅದರಲ್ಲಿ ಏನೂ ಕಾಣಲ್ಲ, ಬರೀ ಬೆಳಕು ಗೊತ್ತಾಗುತ್ತೆ. ಗಾಜು ಕತ್ತರಿಸುವಾಗ ಎಡಗಣ್ಣಲ್ಲೇ ನೋಡಿ ಕತ್ತರಿಸ್ತೀನಿ."

"ಹೋದ ವರ್ಷದಿಂದ!"

ಆ ಕೂಗಿಗೆ ಕೋರ್ಟಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಹೋದ ವರ್ಷದಿಂದ ಒಂದು ಕಣ್ಣಲ್ಲಿ ಗಾಜು ಕತ್ತರಿಸ್ತಿದ್ದೀರಾ, ಬೆರಳು ಹೋಗಿದ್ರೆ ಯಾರನ್ನ ಕೇಳ್ಬೇಕಿತ್ತು ನಾನು, ಕಣ್ಣು ಹೋಗೋದನ್ನೂ ಬಚ್ಚಿಡ್ತಾರೇನ್ರೀ ಮನುಷ್ಯ ಅಂತ ಅನ್ನಿಸಿಕೊಂಡೋರು, ನಾನು ಬೈತೀನಿ ಅಂತ ಕುರುಡಾಗೋಕೆ ಹೊರಟಿದ್ರಾ! ಅವನು ತಲೆ ತಗ್ಗಿಸಲಿಲ್ಲ. ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತ ನಿಂತ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ.

"ಬಲಗಣ್ಣು ಅಂದ್ರಾ?" ಎಂದು ಒಮ್ಮೆ ತಡೆದು ಕೇಳಿದಳು.

"ಹೂಂ."

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅವನ ಬಲಗಡೆಗೆ ಬಂದಳು. ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೆಟ್ಟಿಲಿಳಿಸಿ, ವಾಹನಗಳಿಗೆ ಕೈಯೊಡ್ಡಿ ನಿಲ್ಲಿಸಿ, ಕಣ್ಣಿನ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೂ ಬೈಯುತ್ತಲೇ ಅವನನ್ನು ಕರೆದುಕೊಂಡು ಹೋದಳು.